ಒಂಬತ್ತು ನಿಮಿಷದ ಲೆಕ್ಕ

ರಾತ್ರಿ ಗಸ್ತಿನ ಪುಸ್ತಕದಲ್ಲಿ ನಾನು ಸುಳ್ಳು ಬರೆದಿದ್ದೇನೆ. ಪೇದೆಯಾಗಿ ಸೇರಿದ ಮೊದಲ ಮಳೆಗಾಲ. ಬೀಟ್ ಪುಸ್ತಕವನ್ನು ದೇವಸ್ಥಾನದ ಗೋಡೆಗೆ ಮೊಳೆ ಹೊಡೆದ ಡಬ್ಬಿಯಲ್ಲಿ ಇಟ್ಟಿರುತ್ತಿದ್ದರು. ಎರಡು ಗಂಟೆಗೆ ಹಾಕಬೇಕಾದ ಸಹಿಯನ್ನು ಒಂದೂಕಾಲಿಗೇ ಹಾಕಿ, ಪಕ್ಕದ ಅಕ್ಕಿ ಗಿರಣಿಯ ಕಾವಲುಗಾರ ಹೊತ್ತಿಸಿದ ಹೊಟ್ಟಿನ ಬೆಂಕಿಗೆ ಕೈ ಕಾಸುತ್ತ ಕುಳಿತಿದ್ದೆ. ಪುಣ್ಯಕ್ಕೆ ಆ ರಾತ್ರಿ ಯಾರ ಮನೆಯೂ ಒಡೆಯಲಿಲ್ಲ.

ನಿವೃತ್ತನಾದ ಮೇಲೆ ಲಂಡನ್ನಿನ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ಹಗಲೆಲ್ಲ ಒಬ್ಬನೇ. ಹೊತ್ತು ಹೋಗಲೆಂದು ಕೈಗೆತ್ತಿಕೊಂಡದ್ದು 1888ರ ಜಾಕ್ ದಿ ರಿಪ್ಪರ್ ಪ್ರಕರಣ, ಲಂಡನ್ನಿನಲ್ಲಿ ಹೆಂಗಸರನ್ನು ಕೊಂದು ಕೊನೆಗೂ ಸಿಕ್ಕಿಬೀಳದವನದು. ಅವನ ಲೆಕ್ಕಕ್ಕೆ ಸಾಮಾನ್ಯವಾಗಿ ಹಾಕುವುದು ಐದು ಕೊಲೆ. ಮೊದಲನೆಯದು ಆಗಸ್ಟ್ 31ಕ್ಕೆ, ಕೊನೆಯದು ನವೆಂಬರ್ 9ಕ್ಕೆ. ಕೊಂದವನು ಯಾರೆಂಬ ಗೋಜಿಗೆ ನಾನು ಹೋಗಲಿಲ್ಲ. ಆ ಕೆಲಸಕ್ಕೆ ಜನ ಬೇಕಾದಷ್ಟಿದ್ದಾರೆ. ಒಂದೇ ಕೊಲೆಯ ಸಮಯವನ್ನು ತಾಳೆ ನೋಡಲು ಕುಳಿತೆ: ಸೆಪ್ಟೆಂಬರ್ 30ರ ನಸುಕು, ಮೈಟರ್ ಸ್ಕ್ವೇರ್ ಎಂಬ ಚೌಕ, ಸತ್ತವಳು ಕ್ಯಾಥರೀನ್ ಎಡ್ಡೋಸ್. ಕುಡಿದಿದ್ದ ಆಕೆಯನ್ನು ಹಿಂದಿನ ಸಂಜೆ ಪೊಲೀಸರೇ ಠಾಣೆಗೆ ಕರೆತಂದು, ಅಮಲು ಇಳಿಯಿತೆಂದು ರಾತ್ರಿ 1 ಗಂಟೆಗೆ ಹೊರಗೆ ಬಿಟ್ಟಿದ್ದರು. ಆ ಹೊತ್ತಿಗೆ! ಇದನ್ನು ಓದಿದಾಗ ಪುಸ್ತಕ ಮುಚ್ಚಿಟ್ಟು ಒಂದು ಲೋಟ ನೀರು ಕುಡಿದೆ.

ವಿಚಾರಣೆಯ ಹೇಳಿಕೆಗಳು ಅಂದಿನ ಪತ್ರಿಕೆಗಳಲ್ಲಿ ವಿವರವಾಗಿ ಅಚ್ಚಾಗಿವೆ. ಒಬ್ಬೊಬ್ಬರ ಸಮಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಊಟದ ಮೇಜಿನ ಮೇಲೆ ಹರಡಿದೆ. ಪೇದೆ ವಾಟ್ಕಿನ್ಸ್ 1.30ಕ್ಕೆ ಚೌಕದೊಳಗೆ ಹೋದಾಗ ಏನೂ ಇರಲಿಲ್ಲ. 1.44ಕ್ಕೆ ಮತ್ತೆ ಬಂದಾಗ ಮೂಲೆಯಲ್ಲಿ ಹೊಟ್ಟೆ ಸೀಳಿದ ಹೆಣ. ನಡುವೆ, ಮಳೆ ನಿಲ್ಲಲೆಂದು ಕ್ಲಬ್ಬಿನಲ್ಲಿ ಕಾದು ಹೊರಟ ಲವೆಂಡ್ ಎಂಬಾತ ಚೌಕಕ್ಕೆ ಹೋಗುವ ಚರ್ಚ್ ಪ್ಯಾಸೇಜ್ ಎಂಬ ಓಣಿಯ ಬಾಯಲ್ಲಿ ಗಂಡಸು ಹೆಂಗಸು ನಿಂತಿದ್ದುದನ್ನು ಕಂಡದ್ದು 1.35ರ ಸುಮಾರಿಗೆ. ಉಳಿದದ್ದು ಒಂಬತ್ತು ನಿಮಿಷ. ಇಷ್ಟು ಬೇಗ ಕೊಯ್ಯಬೇಕಾದರೆ ಅವನು ಶಸ್ತ್ರವೈದ್ಯನೇ ಇರಬೇಕು ಎನ್ನುವ ವಾದ ನಿಂತಿರುವುದು ಈ ಒಂಬತ್ತರ ಮೇಲೆ.

ನನ್ನ ತಕರಾರು ಇಲ್ಲಿಂದಲೇ ಶುರು. 1.44ನ್ನು ನಂಬುತ್ತೇನೆ, ಹೆಣ ಕಂಡವನು ಮೊದಲು ಗಡಿಯಾರ ನೋಡುತ್ತಾನೆ. 1.30 ಹಾಗಲ್ಲ. ಏನೂ ನಡೆಯದ ಸುತ್ತಿಗೆ ಗಸ್ತಿನವನ ತಲೆಯಲ್ಲಿ ಇರುವುದು ಆ ಹೊತ್ತಿಗೆ ಅಲ್ಲಿ ಇರಬೇಕಾಗಿದ್ದ ಸಮಯ. ವಾಟ್ಕಿನ್ಸ್‌ನ ಒಂದು ಸುತ್ತು 12ರಿಂದ 14 ನಿಮಿಷ. ರಾತ್ರಿ ಹತ್ತರ ಸುಮಾರಿನಿಂದ ನಡೆಯುತ್ತಲೇ ಇದ್ದ. ಹದಿನೈದನೆಯ ಸುತ್ತಿಗೆ ಕಾಲು ನಡೆಯುತ್ತಿರುತ್ತದೆ, ಕಣ್ಣು ಮಲಗಿರುತ್ತದೆ. ಚೌಕದ ಉಗ್ರಾಣವೊಂದರಲ್ಲಿ ಮೋರಿಸ್ ಎಂಬ ಕಾವಲುಗಾರನಿದ್ದ, ಹಿಂದೆ ಅವನೂ ಪೊಲೀಸನೇ. ಬಾಗಿಲು ಓರೆಯಾಗಿತ್ತು, ಒಳಗೆ ಕಸ ಗುಡಿಸುತ್ತಿದ್ದ. ನನಗೆ ಹೊಟ್ಟಿನ ಬೆಂಕಿ ನೆನಪಾಯಿತು. ಆರೋಪ ಹೊರಿಸುತ್ತಿಲ್ಲ, ನೆನಪಾಯಿತು ಅಷ್ಟೆ. ಅದೇ ಚೌಕದಲ್ಲಿ ಇನ್ನೊಬ್ಬ ಪೇದೆಯ ಮನೆಯೂ ಇತ್ತು. ಅವನು ಗಾಢ ನಿದ್ದೆಯಲ್ಲಿದ್ದ.

1.35ರ ಸಾಕ್ಷಿಯೂ ಗಟ್ಟಿಯಲ್ಲ. ಲವೆಂಡ್ ಹೆಂಗಸಿನ ಮುಖ ನೋಡಿರಲಿಲ್ಲ, ಗುರುತಿಸಿದ್ದು ಬಟ್ಟೆಯನ್ನು. ಅವಳು ಬೇರೆ ಯಾರೋ ಆಗಿದ್ದು, ವಾಟ್ಕಿನ್ಸ್‌ನ ಹಿಂದಿನ ಸುತ್ತೂ ಹಿಂದೆ ಮುಂದೆ ಆಗಿದ್ದರೆ ಒಂಬತ್ತು ಹದಿನೈದಾಗುತ್ತದೆ, ಇಪ್ಪತ್ತೂ ಆಗಬಹುದು. ಶವಪರೀಕ್ಷೆ ಮಾಡಿದ ಡಾ. ಬ್ರೌನ್ ಪ್ರಕಾರ ಕನಿಷ್ಠ ಐದು ನಿಮಿಷವಾದರೂ ಬೇಕಾಗಿತ್ತು.

ಒಂದು ರಾತ್ರಿ ಅಳಿಯಂದಿರನ್ನು ಎಬ್ಬಿಸಿಕೊಂಡು ಹೋಗಿ ನಡೆದೇ ನೋಡಿದೆ. ಚೌಕ ಈಗ ಪೂರ್ತಿ ಹೊಸದು, ಸುತ್ತ ಗಾಜಿನ ಕಟ್ಟಡಗಳು. ಒಳಹೊಕ್ಕು ಸುತ್ತಿ ಹೊರಬರಲು ನನಗೆ ಒಂದೂವರೆ ನಿಮಿಷ. ಚರ್ಚ್ ಪ್ಯಾಸೇಜ್ ಇದ್ದ ಕಡೆಯಿಂದ ಬಂದು, ಅಂದು ಹಾರ್ವೆ ಎಂಬ ಪೇದೆ ಮಾಡಿದಂತೆ, ಬಾಯಲ್ಲೇ ನಿಂತು ಇಣುಕಿದೆ. ಅವನು ಬಂದದ್ದು 1.41ರ ಆಸುಪಾಸು, ಅದೂ ದಾರಿಯ ಅಂಚೆ ಕಚೇರಿಯ ಗಡಿಯಾರದಿಂದ ಲೆಕ್ಕ ಹಾಕಿದ್ದು. ಅವನ ಬೀಟು ಅಲ್ಲಿಗೇ ಮುಗಿಯುತ್ತಿತ್ತು. ಒಳಗೆ ಕಾಲಿಡದೆ ಹಿಂದಿರುಗಿದ. ನಮ್ಮಲ್ಲೂ ಇದೇ ಕತೆ. ಸರಹದ್ದಿನ ಆಚೆ ಕೂಗು ಕೇಳಿದರೂ ಅದು ಪಕ್ಕದ ಠಾಣೆಯವರ ತಲೆನೋವು.

ಈಚೆಗೆ ಎಡ್ಡೋಸ್‌ಳದೆನ್ನುವ ಒಂದು ಶಾಲು, ಅದರ ಡಿಎನ್ಎ, ಕೊಸ್ಮಿನ್ಸ್ಕಿ ಎಂಬ ಶಂಕಿತನ ಹೆಸರು ಎಂದೆಲ್ಲ 2014ರಲ್ಲೂ 2019ರಲ್ಲೂ ಸುದ್ದಿಯಾಯಿತು. ಎಡ್ಡೋಸ್ ಬಳಿ ಸಿಕ್ಕ ವಸ್ತುಗಳ ಪಟ್ಟಿಯನ್ನು ನಾನು ಎರಡು ಸಲ ಓದಿದೆ. ಒಂದು ತಗಡಿನ ಡಬ್ಬಿಯಲ್ಲಿ ಚಹಾಪುಡಿ, ಇನ್ನೊಂದರಲ್ಲಿ ಸಕ್ಕರೆ, ಮಣ್ಣಿನ ಹೊಗೆಕೊಳವೆ ಎರಡು, ಸಾಬೂನಿನ ತುಂಡುಗಳು, ಸಾಸಿವೆ ಡಬ್ಬಿಯಲ್ಲಿ ಅಡವಿನ ಚೀಟಿ. ಇಷ್ಟು ಜತನದಿಂದ ಬರೆದವನು ಶಾಲನ್ನು ಬಿಟ್ಟನೇ? ಮಹಜರಿನಲ್ಲಿ ಇಲ್ಲದ ಮಾಲನ್ನು ಕೋರ್ಟಿಗೆ ಒಯ್ದಿದ್ದರೆ ನಮ್ಮ ತಾಲ್ಲೂಕಿನ ಕಿರಿಯ ವಕೀಲನೂ ನನ್ನನ್ನು ಹರಿದು ಹಾಕುತ್ತಿದ್ದ.

ಮೈಟರ್ ಸ್ಕ್ವೇರಿನಿಂದ ಗೌಲ್‌ಸ್ಟನ್ ಬೀದಿಗೆ ಐದಾರು ನಿಮಿಷದ ನಡಿಗೆ. ಎಡ್ಡೋಸ್‌ಳ ಏಪ್ರನ್ನಿನ ರಕ್ತ ಮೆತ್ತಿದ ತುಂಡು ಅಲ್ಲಿನ ಬಾಗಿಲೊಂದರಲ್ಲಿ ಪೇದೆ ಲಾಂಗ್‌ಗೆ ಸಿಕ್ಕಿದ್ದು 2.55ಕ್ಕೆ. 2.20ಕ್ಕೆ ಅದು ಅಲ್ಲಿ ಇರಲೇ ಇಲ್ಲ ಎಂದ. ಹಾಗಾದರೆ ಕೊಂದವನು ಅಷ್ಟು ಹೊತ್ತು ಎಲ್ಲಿದ್ದ ಎಂದು ಜನ ನೂರು ವರ್ಷದಿಂದ ತಲೆ ಕೆಡಿಸಿಕೊಂಡಿದ್ದಾರೆ. ಮೇಲಿನ ಗೋಡೆಯಲ್ಲಿ ಸೀಮೆಸುಣ್ಣದಿಂದ ಯೆಹೂದಿಗಳ ಬಗ್ಗೆ ಬರೆದಿದ್ದುದನ್ನು ಫೋಟೋ ತೆಗೆಸುವ ಮೊದಲೇ ಕಮಿಷನರ್ ವಾರೆನ್ ಅಳಿಸಿಹಾಕಿಸಿದರು, ಯೆಹೂದಿಗಳ ವಿರುದ್ಧ ದಂಗೆಯಾದೀತೆಂಬ ಭಯ. ಲಾಂಗ್ ಮರುವರ್ಷ ಕರ್ತವ್ಯದಲ್ಲಿ ಕುಡಿದಿದ್ದಕ್ಕೆ ಕೆಲಸ ಕಳೆದುಕೊಂಡ.

“ಮಾವ, 2.20ಕ್ಕೆ ಅದು ಅಲ್ಲಿ ಇತ್ತೆನ್ನುತ್ತೀರಾ?” ಎಂದು ಅಳಿಯಂದಿರು ಕೇಳಿದರು.

“2.20ಕ್ಕೆ ಆ ಪೇದೆಯೇ ಅಲ್ಲಿದ್ದನೋ ಇಲ್ಲವೋ ನೋಡಬೇಕು” ಎಂದೆ. ಆ ಬಾಗಿಲಿದ್ದಲ್ಲಿ ಈಗ ಕರಿದ ಮೀನಿನ ಅಂಗಡಿ. ಮುಚ್ಚಿತ್ತು.