ಹಳೆ ವಿಡಿಯೊ ಕ್ಯಾಸೆಟ್ ಡಿಸ್ಕಿಗೆ ಇಳಿಸುವ ಮೊದಲು ಮಾಸ್ಟರ್ ಹುಡುಕಿ

ಕಾಸರಗೋಡು ಜಿಲ್ಲೆಯ ಬದಿಯಡ್ಕ ಪೇಟೆಯಲ್ಲಿ ನನ್ನದೊಂದು ಸ್ಟುಡಿಯೊ ಇತ್ತು. ತೊಂಬತ್ತರ ದಶಕದಲ್ಲಿ ಮದುವೆ, ಉಪನಯನ, ಬ್ರಹ್ಮಕಲಶ ಅಂತ ಭುಜದ ಮೇಲೆ ಕ್ಯಾಮರಾ ಹೊತ್ತು ತಿರುಗಿದವ ನಾನು. ಈಗ ಅಂಗಡಿ ಇಲ್ಲ, ಕ್ಯಾಸೆಟ್ ಓಡಿಸುವ ಯಂತ್ರ ವಿಸಿಆರ್ ಉಂಟು. ಹಾಗಾಗಿ "ಅಣ್ಣ, ನಮ್ಮ ಮದುವೆ ಕ್ಯಾಸೆಟ್ ಒಂದು ಡಿವಿಡಿ ಮಾಡಿ ಕೊಡ್ತೀರಾ" ಅಂತ ಬರುವವರು ಇನ್ನೂ ಇದ್ದಾರೆ. ಸ್ವಲ್ಪ ತಾಳ್ಮೆ ಇದ್ದವರು ಮನೆಯಲ್ಲೇ ಮಾಡಿಕೊಳ್ಳಬಹುದು. ಹೇಗೆ ಅಂತ ಹೇಳುತ್ತೇನೆ.

ಕೈಯಲ್ಲಿರುವ ಕ್ಯಾಸೆಟ್ ಯಾವುದು ಅಂತ ಮೊದಲು ನೋಡಿ. ಕಪಾಟಿನಲ್ಲಿ ಚಂದದ ಕವರು, ವಧೂವರರ ಫೋಟೋ ಎಲ್ಲ ಇರುವುದು ಎಡಿಟ್ ಆದ ಪ್ರತಿ. ಕ್ಯಾಮರಾದಲ್ಲಿ ಓಡಿದ ಟೇಪಿನಿಂದ ಇನ್ನೊಂದಕ್ಕೆ ಇಳಿಸಿದ್ದು. ಈ ಕ್ಯಾಸೆಟ್ಟುಗಳ ಮಾದರಿಯಾದ ವಿಎಚ್‌ಎಸ್‌ನಲ್ಲಿ ಅಡ್ಡಕ್ಕೆ ಸಿಗುವ ಸ್ಪಷ್ಟತೆಯೇ ಸುಮಾರು 240 ಗೆರೆ. ಒಂದು ಸಲ ಪ್ರತಿ ಮಾಡಿದರೆ ಅದೂ ಮಸುಕಾಗಿ ಬಣ್ಣ ಹರಡುತ್ತದೆ. ಅದಕ್ಕಿಂತ ದೊಡ್ಡ ನಷ್ಟ ಸ್ವರದ್ದು. ಆಗ ಎಲ್ಲ ಸ್ಟುಡಿಯೊಗಳಲ್ಲೂ ಒಂದೇ ಕ್ರಮ: ಧಾರೆಯಿಂದ ಊಟದವರೆಗೆ ಸಿನಿಮಾ ಹಾಡು ಹಾಕುವುದು. ಭಟ್ಟರ ಮಂತ್ರ, ಅಜ್ಜಿಯರ ಶೋಭಾನೆ, ಬಡಿಸುವವರ ಗಲಾಟೆ ಎಲ್ಲ ಆ ಹಾಡಿನ ಅಡಿಯಲ್ಲಿ ಹೋಯಿತು. ಮೂವತ್ತು ವರ್ಷ ಕಳೆದು ಕ್ಯಾಸೆಟ್ ತರುವವರು ಕೇಳುವುದು ಆ ಹಾಡನ್ನಲ್ಲ ಮಾರಾಯ್ರೆ, ಅಪ್ಪನ ಸ್ವರವನ್ನು.

ಆದ್ದರಿಂದ ಮಾಸ್ಟರ್, ಅಂದರೆ ಕ್ಯಾಮರಾದಲ್ಲೇ ಓಡಿದ ಮೂಲ ಟೇಪು, ಹುಡುಕಿ. ಕವರಿಲ್ಲದೆ, ಪೆನ್ನಿನಲ್ಲಿ "1", "2" ಅಂತ ಮಾತ್ರ ಬರೆದ ಕ್ಯಾಸೆಟ್ ಮನೆಯಲ್ಲಿದ್ದರೆ ಅದೇ ಆಗಿರಬಹುದು. ಇಲ್ಲದಿದ್ದರೆ ಶೂಟಿಂಗ್ ಮಾಡಿದವರನ್ನು ಕೇಳಿ. ಹೆಚ್ಚಿನವರು ಅದರ ಮೇಲೆಯೇ ಮುಂದಿನ ಮದುವೆ ಹಿಡಿಯುತ್ತಿದ್ದರು, ಆದರೂ ಕೇಳಿದರೆ ಹೋಗುವುದೇನು? ಎಡಿಟ್ ಪ್ರತಿ ಮಾತ್ರ ಇರುವುದಾದರೆ ಒಂದು ಉಪಾಯ ಉಂಟು. ಹೈಫೈ ವಿಸಿಆರ್‌ಗಳಲ್ಲಿ ಸ್ವರ ಎರಡು ಕಡೆ ದಾಖಲಾಗುತ್ತದೆ: ಟೇಪಿನ ಅಂಚಿನ ಸಾಮಾನ್ಯ ಟ್ರ್ಯಾಕ್‌ನಲ್ಲಿ ಮತ್ತು ಚಿತ್ರದ ಜೊತೆಗೇ ಹೈಫೈ ಟ್ರ್ಯಾಕ್‌ನಲ್ಲಿ. ಆಮೇಲೆ "ಆಡಿಯೊ ಡಬ್" ಒತ್ತಿ ಹಾಡು ಸೇರಿಸಿದ್ದರೆ ಅದು ಅಂಚಿನದ್ದನ್ನು ಮಾತ್ರ ಅಳಿಸುತ್ತದೆ. ಹೈಫೈ ಡೆಕ್ಕಿನಲ್ಲಿ (ವಿಸಿಆರ್‌ಗೆ ನಾವು ಡೆಕ್ ಅಂತಲೂ ಹೇಳುತ್ತೇವೆ) ಹಾಕಿ ರಿಮೋಟಿನ ಆಡಿಯೊ ಬಟನ್ ಒತ್ತಿ ಎರಡನ್ನೂ ಕೇಳಿ. ಎಲ್ಲ ಕ್ಯಾಸೆಟ್ಟಿನಲ್ಲೂ ಸಿಗಲಿಕ್ಕಿಲ್ಲ, ಸಿಕ್ಕಿದಲ್ಲಿ ಮದುವೆಮನೆಯೇ ಎದ್ದು ಬರುತ್ತದೆ.

ಇನ್ನು ಬೂಷ್ಟು. ನಮ್ಮ ಮಳೆಗಾಲ ಟೇಪಿಗೆ ಆಗುವುದಿಲ್ಲ. ಕ್ಯಾಸೆಟ್ಟಿನ ಕಿಟಕಿಯಲ್ಲಿ ಟಾರ್ಚ್ ಹಾಕಿ ನೋಡಿ; ಸುತ್ತಿದ ಟೇಪಿನ ಅಂಚು ಕಪ್ಪಗೆ ಹೊಳೆಯಬೇಕು. ಹಪ್ಪಳಕ್ಕೆ ಹಿಟ್ಟು ಉದುರಿಸಿದ ಹಾಗೆ ಬಿಳಿ ಕಂಡರೆ ವಿಸಿಆರ್‌ಗೆ ಹಾಕಲೇಬೇಡಿ. ಟೇಪು ಓದುವ ಹೆಡ್ಡು ಹಾಳಾಗುತ್ತದೆ, ಮುಂದೆ ಹಾಕುವ ಒಳ್ಳೆ ಕ್ಯಾಸೆಟ್ಟಿಗೂ ಅದೇ ಹರಡುತ್ತದೆ. ಅಡಕೆ ಒಣಗಿಸುವ ಅಂಗಳದಲ್ಲಿ ಬಿಸಿಲಿಗಿಡುವುದು, ಒಲೆಯ ಮೇಲಿನ ಅಟ್ಟದಲ್ಲಿ ಬೆಚ್ಚಗೆ ಇಡುವುದು ಎರಡೂ ಬೇಡ; ಬಿಸಿಗೆ ಟೇಪು ಸುರುಟುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಕೆಲವು ವಾರ ಬಿಡಿ. ಬೂಷ್ಟು ಜೋರಾಗಿದ್ದರೆ ಅದನ್ನೇ ಕಸುಬು ಮಾಡಿಕೊಂಡವರಿಗೆ ಕೊಡುವುದು ಲೇಸು. ಈ ಕೆಲಸಕ್ಕೆ ನಾನು ಕೂರುವುದು ಜನವರಿಯಿಂದ ಮೇ ವರೆಗೆ. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಕೆಲವು ಡೆಕ್ಕುಗಳು ಒಳಗೆ ತೇವ ಉಂಟೆಂದು ಓಡುವುದೇ ಇಲ್ಲ. ಆಗ ಕರೆಂಟ್ ಕೊಟ್ಟು ಒಂದೆರಡು ಗಂಟೆ ಸುಮ್ಮನೆ ಬಿಡಬೇಕು.

ವಿಸಿಆರ್ ಹೊಸತು ಸಿಗುವುದಿಲ್ಲ. ಕೊನೆಗೆ ಉಳಿದಿದ್ದ ಜಪಾನಿನ ಫುನಾಯಿ ಕಂಪೆನಿಯೂ 2016ರ ಜುಲೈಯಲ್ಲಿ ತಯಾರಿ ನಿಲ್ಲಿಸಿತು. ನಮ್ಮ ಜಿಲ್ಲೆಯಲ್ಲಿ ಒಂದು ಅನುಕೂಲ: ಗಲ್ಫಿನಿಂದ ಬಂದ ವಿಸಿಆರ್ ಬಟ್ಟೆ ಹೊದ್ದುಕೊಂಡು ಕೂತಿರುವ ಮನೆಗಳು ಇನ್ನೂ ಉಂಟು. ಅವುಗಳಲ್ಲಿ ಹಲವು ಮಲ್ಟಿ ಸಿಸ್ಟಮ್, ಅಂದರೆ ಬೇರೆ ಬೇರೆ ದೇಶದ ಟಿವಿ ಪದ್ಧತಿಯ ಕ್ಯಾಸೆಟ್ ಓಡಿಸುವಂಥವು. ಅಮೆರಿಕದಿಂದ ಭಾವ ಕಳಿಸಿದ ಕ್ಯಾಸೆಟ್ ಎನ್‌ಟಿಎಸ್‌ಸಿ ಆಗಿರುತ್ತದೆ, ಊರಿನದ್ದು ಪಾಲ್. ಎರಡೂ ಓಡಿಸುವ ಡೆಕ್ ಸಿಕ್ಕಿದರೆ ಬಿಡಬೇಡಿ. ತಂದ ಕೂಡಲೇ ಮದುವೆ ಕ್ಯಾಸೆಟ್ ಹಾಕದೆ, ಹೋದರೂ ಬೇಸರವಿಲ್ಲದ ಯಾವುದೋ ಸಿನಿಮಾ ಕ್ಯಾಸೆಟ್ ಹಾಕಿ ಪರೀಕ್ಷಿಸಿ.

ಚಿತ್ರದಲ್ಲಿ ಹಿಮ ಸುರಿದರೆ ಹೆಡ್ ಒರೆಸಬೇಕು. ಪ್ಲಗ್ ತೆಗೆದು, ಮುಚ್ಚಳ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಮೆತ್ತನೆ ಚರ್ಮದ ತುಂಡನ್ನು ಹೆಡ್ ಇರುವ ಉರುಟಾದ ಡ್ರಮ್ಮಿಗೆ ತಾಗಿಸಿ ಹಿಡಿಯಿರಿ. ನಿಮ್ಮ ಕೈ ಅಲುಗಬಾರದು, ಇನ್ನೊಂದು ಕೈಯಿಂದ ಡ್ರಮ್ ಮೆಲ್ಲ ತಿರುಗಿಸಿ. ಮೇಲೆ ಕೆಳಗೆ ಉಜ್ಜಿದರೆ ಹೆಡ್ ಮುರಿಯುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿ ಬೇಡ, ನೂಲು ಸಿಕ್ಕಿಕೊಳ್ಳುತ್ತದೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿರುವ ಸಣ್ಣ ಪ್ಲಾಸ್ಟಿಕ್ ಹಲ್ಲು ಇನ್ನೂ ಇದ್ದರೆ ಮುರಿದುಬಿಡಿ. ಮತ್ತೆ ರೆಕಾರ್ಡ್ ಬಟನ್ ತಾಗಿದರೂ ಭಯವಿಲ್ಲ. ಒಮ್ಮೆ ಕೊನೆವರೆಗೆ ಓಡಿಸಿ ಹಿಂದಕ್ಕೆ ಸುತ್ತಿ, ಬಿಗಿ ಸರಿಯಾಗುತ್ತದೆ. ತುಂಡಾದ ಟೇಪಿಗೆ ಸೆಲ್ಲೊಟೇಪು ಅಂಟಿಸಬೇಡಿ, ಅದರ ಗೋಂದು ಹೆಡ್ಡಿಗೆ ಹೋಗುತ್ತದೆ. ಇದಕ್ಕೆಂದೇ ಸ್ಪ್ಲೈಸಿಂಗ್ ಟೇಪು ಉಂಟು. ಓಡುವಾಗ ಕರೆಂಟ್ ಹೋದರೆ ಟೇಪು ಡ್ರಮ್ಮಿಗೆ ಸುತ್ತಿಕೊಂಡೇ ನಿಲ್ಲುತ್ತದೆ. ಎಳೆಯಬೇಡಿ, ಕರೆಂಟ್ ಬಂದ ಮೇಲೆ ಸ್ಟಾಪ್ ಒತ್ತಿದರೆ ತಾನಾಗಿ ಒಳಗೆ ಹೋಗುತ್ತದೆ.

ಕಂಪ್ಯೂಟರಿಗೆ ಸೇರಿಸಲು ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಬೇಕು. ಹಳದಿ ಪಿನ್ ಚಿತ್ರಕ್ಕೆ, ಕೆಂಪು ಬಿಳಿ ಸ್ವರಕ್ಕೆ. ಡೆಕ್ಕಿನಲ್ಲಿ ಎಸ್-ವಿಡಿಯೊ ಇದ್ದರೆ ಹಳದಿಯ ಬದಲು ಅದನ್ನೇ ಹಾಕಿ. ವರ್ಚುವಲ್‌ಡಬ್ ಎಂಬ ಉಚಿತ ಸಾಫ್ಟ್‌ವೇರ್ ಸಾಕು. ಸ್ಟ್ಯಾಂಡರ್ಡ್ ಪಾಲ್-ಬಿ, ಅಳತೆ 720×576, ಸೆಕೆಂಡಿಗೆ 25 ಫ್ರೇಮ್. ಚಿತ್ರ ಕಪ್ಪುಬಿಳುಪಾಗಿ ಬಂದರೆ ಕ್ಯಾಸೆಟ್ಟಿಗೆ ಶಾಪ ಹಾಕುವ ಮೊದಲು ಈ ಸ್ಟ್ಯಾಂಡರ್ಡ್ ಸರಿ ಉಂಟಾ ನೋಡಿ. ಚಿತ್ರದ ಕೆಳ ಅಂಚಿನಲ್ಲಿ ಒಂದು ಪಟ್ಟಿ ಅಲುಗುತ್ತದಲ್ಲ, ಅದು ಎಲ್ಲ ವಿಎಚ್‌ಎಸ್‌ನಲ್ಲೂ ಇರುವುದೇ. ಹಳೆ ಟಿವಿಯ ಚೌಕಟ್ಟು ಅದನ್ನು ಮುಚ್ಚಿಕೊಳ್ಳುತ್ತಿತ್ತು.

ಕ್ಯಾಸೆಟ್ ಓಡಿದಷ್ಟೇ ಹೊತ್ತು ಕಂಪ್ಯೂಟರೂ ಕೂರಬೇಕು, ಇ-180 ಕ್ಯಾಸೆಟ್ ಅಂದರೆ ಮೂರು ಗಂಟೆ. ಕತ್ತರಿಸುತ್ತಾ ಕೂರಬೇಡಿ, ಪೂರ್ತಿ ಇಳಿಸಿ. ಕ್ಯಾಮರಾದವ ಆಫ್ ಮಾಡಲು ಮರೆತು ನೆಲ ಮಾತ್ರ ಕಾಣುವ ತುಣುಕಿನಲ್ಲೇ ಒಳ್ಳೆಯ ಮಾತು ಇರುವುದುಂಟು. ಡಿವಿ ಕೋಡೆಕ್‌ನಲ್ಲಿ (ವಿಡಿಯೊ ಫೈಲು ಉಳಿಸುವ ಒಂದು ಕ್ರಮ) ಉಳಿಸಿದರೆ ಗಂಟೆಗೆ ಸುಮಾರು 13 ಜಿಬಿ ಹಿಡಿಯುತ್ತದೆ, ಹಾರ್ಡ್‌ಡಿಸ್ಕ್ ಮೊದಲೇ ಖಾಲಿ ಮಾಡಿಕೊಳ್ಳಿ. ಇದೇ ಇನ್ನು ಮುಂದೆ ನಿಮ್ಮ ಮಾಸ್ಟರ್. ಡಿವಿಡಿ, ಪೆನ್‌ಡ್ರೈವ್ ಎಲ್ಲ ಇದರ ಪ್ರತಿಗಳು. ಡಿವಿಡಿ ಮಾಡಿದ ಮೇಲೆ ಈ ಫೈಲು ಅಳಿಸಿಬಿಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಡಿಸ್ಕಿನ ಕೆಲಸ ಸುಲಭ. 4.7 ಜಿಬಿಯ ಒಂದು ಡಿವಿಡಿಯಲ್ಲಿ ಎರಡು ಗಂಟೆ ಹಾಕಿದರೆ ಚಿತ್ರ ಚೆನ್ನಾಗಿರುತ್ತದೆ. ಮೂರು ಗಂಟೆಯದ್ದನ್ನು ಎರಡು ಡಿಸ್ಕಿಗೆ ಹಂಚಿ. ಡಿವಿಡಿ ಮಾಡುವ ಸಾಫ್ಟ್‌ವೇರ್ ಡಿವಿಡಿಸ್ಟೈಲರ್‌ನಲ್ಲಿ ಪಾಲ್, 4:3 ಆರಿಸಿ. ಅಗಲ ಟಿವಿ ತುಂಬಲಿ ಅಂತ ಎಳೆದರೆ ಮದುಮಗಳು ದಪ್ಪವಾಗುತ್ತಾಳೆ, ಬೈಗುಳ ನಿಮಗೆ. ನಿಧಾನದ ವೇಗದಲ್ಲಿ ಬರ್ನ್ ಮಾಡಿ, ಮುಗಿದ ಮೇಲೆ ವೆರಿಫೈ ಕೊಡಿ. ಡಿಸ್ಕಿಗೆ ಸ್ಟಿಕ್ಕರ್ ಬೇಡ, ಬಾಲ್‌ಪೆನ್ ಬೇಡ, ಮಾರ್ಕರಿನಲ್ಲಿ ಬರೆಯಿರಿ. ಮೊಬೈಲಿಗೆ, ಪೆನ್‌ಡ್ರೈವಿಗೆ ಬೇಕಾದವರಿಗೆ ಹ್ಯಾಂಡ್‌ಬ್ರೇಕ್ ಎಂಬ ಸಾಫ್ಟ್‌ವೇರಿನಲ್ಲಿ ಡಿಇಂಟರ್‌ಲೇಸ್ ಹಾಕಿ ಎಂಪಿ4 ಮಾಡಿ. ಹಾಕದಿದ್ದರೆ ಚೆಂಡೆಯವರ ಕೈಯೆಲ್ಲ ಬಾಚಣಿಗೆ ಗೆರೆಯಾಗಿ ಕಾಣುತ್ತದೆ.

ರಾಶಿ ದೊಡ್ಡದಿದ್ದರೆ ಎಲ್ಲಿಂದ ಸುರು ಅಂತ ಕೇಳುತ್ತಾರೆ. ಇನ್ನೆಲ್ಲೂ ಪ್ರತಿ ಇಲ್ಲದ್ದು ಮೊದಲು. ಮದುವೆಯದ್ದು ಎರಡು ಮನೆಯಲ್ಲಿ ಇರುತ್ತದೆ. ಗದ್ದೆಯ ಯಕ್ಷಗಾನ ಆಟದ್ದು, ಮನೆ ಚಾವಡಿಯ ತಾಳಮದ್ದಳೆಯದ್ದು ಒಂದೇ ಇರುತ್ತದೆ. 1992ರ ಮಧೂರು ದೇವಸ್ಥಾನದ ಮೂಡಪ್ಪ ಸೇವೆಯನ್ನು (ಗಣಪತಿಯನ್ನು ಅಪ್ಪದಿಂದ ಮುಚ್ಚುವ ಸೇವೆ) ಮನೆಯವರೇ ಹಿಡಿದದ್ದು ಇದ್ದರೆ ಅದನ್ನು ಎಲ್ಲಕ್ಕಿಂತ ಮುಂದೆ ಹಾಕಿ. ಅದರ ನಂತರದ ಸೇವೆ ಆದದ್ದು 2025ರಲ್ಲಿ, 33 ವರ್ಷ ಕಳೆದು.

ಇಳಿಸಿದ ಮೇಲೆ ದೊಡ್ಡಮ್ಮನನ್ನೋ ಅಜ್ಜನನ್ನೋ ಟಿವಿಯ ಎದುರು ಕೂರಿಸಿ, ಯಾರು ಯಾರು ಅಂತ ಕೇಳಿ ಬರೆದು ಅದೇ ಫೋಲ್ಡರಿನಲ್ಲಿ ಇಡಿ. ಇನ್ನೊಂದು ಪ್ರತಿ ಬೇರೆ ಮನೆಯಲ್ಲಿರಲಿ. ಕ್ಯಾಸೆಟ್ ಬಿಸಾಡಬೇಡಿ, ಪೂರ್ತಿ ಹಿಂದಕ್ಕೆ ಸುತ್ತಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಸಿಲಿಕಾ ಜೆಲ್ ಹಾಕಿ ಡಬ್ಬಿ ಮುಚ್ಚಿ. ಆ ಪೊಟ್ಟಣವನ್ನು ಪ್ರತಿ ಮಳೆಗಾಲದ ಮೊದಲು ಬದಲಿಸಬೇಕು.