ಲೈಬ್ರರಿಗೊಂದು ವಿಕಿ ಕಟ್ಟುವುದು ಹೇಗೆ?

ಪ್ರಿಂಟರ್ ಕೈಕೊಟ್ಟರೆ ಯಾರಿಗೆ ಹೇಳಬೇಕು? ಓದುಗರು ಕಳೆದುಹಾಕಿದ ಪುಸ್ತಕವನ್ನು ದಾಖಲೆಯಲ್ಲಿ ಹೇಗೆ ತೋರಿಸಬೇಕು? ಎಷ್ಟೋ ಲೈಬ್ರರಿಗಳಲ್ಲಿ ಇದೆಲ್ಲ ಒಬ್ಬಿಬ್ಬರ ತಲೆಯಲ್ಲಿ ಮಾತ್ರ ಇರುತ್ತದೆ. ಅವರು ರಜೆ ಹಾಕಿದ ದಿನ ಕೌಂಟರಿನಲ್ಲಿ ಪರದಾಟ. ಇದಕ್ಕೆ ವಿಕಿ, ಅಂದರೆ ಎಲ್ಲರೂ ಸೇರಿ ಬರೆದು ತಿದ್ದಬಹುದಾದ ವೆಬ್‌ಸೈಟ್, ಒಳ್ಳೆಯ ಪರಿಹಾರ. ಬ್ರೌಸರಿನಲ್ಲೇ ಪುಟ ತೆರೆದು ತಿದ್ದಿ ಉಳಿಸಿದರೆ ಆಯಿತು. ವಾರ್ಡ್ ಕನಿಂಗ್‌ಹ್ಯಾಮ್ 1995ರಲ್ಲಿ ಮೊದಲ ವಿಕಿ ಶುರುಮಾಡಿದ್ದೂ ಪ್ರೋಗ್ರಾಮರ್‌ಗಳು ತಮಗೆ ಗೊತ್ತಿದ್ದನ್ನು ಒಂದೆಡೆ ಬರೆದಿಡಲಿ ಎಂದೇ.

ಮೊದಲು ಸಾಫ್ಟ್‌ವೇರ್ ಆರಿಸಿ. ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ಮತ್ತು ಡೋಕುವಿಕಿ, ಎರಡೂ ಉಚಿತ. ಮೀಡಿಯಾವಿಕಿಗೆ ಡೇಟಾಬೇಸ್, ಅಂದರೆ ಮಾಹಿತಿ ಜೋಡಿಸಿಡುವ ಇನ್ನೊಂದು ಸಾಫ್ಟ್‌ವೇರ್, ಬೇಕು. ಡೋಕುವಿಕಿ ಪುಟಗಳನ್ನು ಸಾದಾ ಪಠ್ಯ ಕಡತಗಳಾಗಿ ಇಡುತ್ತದೆ, ಹಾಗಾಗಿ ಬ್ಯಾಕಪ್ ಎಂದರೆ ಫೋಲ್ಡರ್ ನಕಲು ಮಾಡುವುದು, ಅಷ್ಟೆ. ಯಾವ ಪುಟ ಯಾರಿಗೆ ಕಾಣಬೇಕು ಎಂದು ಗೊತ್ತುಮಾಡುವ ಸೌಕರ್ಯವೂ ಅದರಲ್ಲೇ ಇದೆ. ಸಣ್ಣ ಲೈಬ್ರರಿಗೆ ನನ್ನ ಓಟು ಡೋಕುವಿಕಿಗೆ.

ಸಿಬ್ಬಂದಿಯ ವಿಕಿ ಬೇರೆ, ಊರಿನವರೂ ಓದಿ ಬರೆಯುವ ಜನರ ವಿಕಿ ಬೇರೆ ಇರಲಿ. ಪಾಸ್‌ವರ್ಡ್‌ಗಳು, ಯಾರು ಯಾವ ಪುಸ್ತಕ ಒಯ್ದರು ಎಂಬ ವಿವರ ಎರಡರಲ್ಲೂ ಬೇಡ.

ಇನ್ನು ಬರೆಯುವ ಕೆಲಸ. ದೊಡ್ಡ ವಿಷಯಸೂಚಿ ಮಾಡಿಕೊಂಡು ಕೂರಬೇಡಿ, ಅರ್ಧಕ್ಕರ್ಧ ಪುಟಗಳು ಖಾಲಿ ಉಳಿಯುತ್ತವೆ. ಒಂದು ವಾರ ಸಿಬ್ಬಂದಿ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆಗಳನ್ನು ಗುರುತು ಹಾಕಿಕೊಳ್ಳಿ. ಪ್ರಶ್ನೆಗೊಂದು ಪುಟ. ತಲೆಬರಹ ‘ಪ್ರಿಂಟರ್ ಕೆಟ್ಟರೆ’ ಎಂದಿರಲಿ. ‘ಮುದ್ರಣ ಸಾಧನಗಳ ನಿರ್ವಹಣೆ’ ಎಂದು ಹುಡುಕುವವರು ಯಾರೂ ಇಲ್ಲ, ಅಲ್ವಾ? ಪುಟದ ಮೇಲ್ಗಡೆ ಅದನ್ನು ನೋಡಿಕೊಳ್ಳುವವರ ಹೆಸರು, ಕೊನೆಯ ಸಲ ಪರಿಶೀಲಿಸಿದ ದಿನಾಂಕ ಹಾಕಿ. ಹಳತಾದ ಮಾಹಿತಿ ನಂಬಿ ಕೆಲಸ ಕೆಟ್ಟರೆ ಜನ ಮತ್ತೆ ವಿಕಿಯತ್ತ ತಿರುಗಿ ನೋಡುವುದಿಲ್ಲ.

‘ಯಾರಾದರೂ ಹಾಳುಮಾಡಿದರೆ?’ ಎಂಬ ಭಯ ಸಹಜ. ಪುಟದ ಇತಿಹಾಸದಲ್ಲಿ ಹಳೆಯ ರೂಪಗಳೆಲ್ಲ ಇರುತ್ತವೆ, ಬೇಕಾದ್ದನ್ನು ವಾಪಸ್ ತರಬಹುದು. ನಿಜವಾದ ತೊಡಕು ಸಂಕೋಚದ್ದು. ಹಿರಿಯರು ಬರೆದದ್ದನ್ನು ಕಿರಿಯರು ತಿದ್ದಲು ಹಿಂಜರಿಯುತ್ತಾರೆ. ಸಭೆಯ ಟಿಪ್ಪಣಿಯನ್ನು ಎಲ್ಲರೂ ಕೂತು ವಿಕಿಯಲ್ಲೇ ಬರೆಯಿರಿ, ಕೈ ಪಳಗುತ್ತದೆ. ಯಾರಾದರೂ ಫೋನಿನಲ್ಲಿ ಸಂದೇಹ ಕೇಳಿದರೆ ಪುಟದ ಲಿಂಕ್ ಕಳಿಸಿ. ಪುಟವೇ ಇಲ್ಲದಿದ್ದರೆ ಉತ್ತರವನ್ನು ಮೊದಲು ಅಲ್ಲಿ ಬರೆದು ಆಮೇಲೆ ಕಳಿಸಿ.

ಜನರ ವಿಕಿಗೆ ಊರಿನ ಚರಿತ್ರೆಯಷ್ಟು ಒಳ್ಳೆಯ ವಿಷಯ ಇನ್ನೊಂದಿಲ್ಲ. ಹಳೆಯ ಫೋಟೊದಲ್ಲಿ ಇರುವವರು ಯಾರು, ಆ ಕಟ್ಟಡ ಈಗ ಏನಾಗಿದೆ ಎಂದು ಹಿರಿಯರು ಹೇಳಲಿ, ಹುಡುಗರು ಟೈಪ್ ಮಾಡಲಿ. ಆದರೆ ಫೋಟೊ ತಂದುಕೊಟ್ಟವರಿಗೇ ಅದರ ಹಕ್ಕು ಇರಬೇಕೆಂದಿಲ್ಲ, ಸಾಮಾನ್ಯವಾಗಿ ಅದು ತೆಗೆದವರದ್ದು. ಬರಹಗಳನ್ನು ಯಾವ ಪರವಾನಗಿಯಡಿ ಹಂಚುತ್ತೀರಿ ಎಂಬುದನ್ನೂ ಶುರುವಿನಲ್ಲೇ ತೀರ್ಮಾನಿಸಿ. ಬದುಕಿರುವವರ ಖಾಸಗಿ ವಿವರ ಬೇಡವೇ ಬೇಡ. ತಿದ್ದಲು ಲಾಗಿನ್ ಕಡ್ಡಾಯ ಮಾಡಿ, ಇಲ್ಲದಿದ್ದರೆ ಜಾಹೀರಾತಿನ ಕಸ ಬಂದು ಬೀಳುತ್ತದೆ.

ಸ್ವಂತ ಸರ್ವರ್ ನೋಡಿಕೊಳ್ಳಲು ಆಗದವರು ವಿಕಿಪೀಡಿಯದಲ್ಲೇ ಕೈ ಹಚ್ಚಬಹುದು. ಒಬ್ಬ ಗ್ರಂಥಪಾಲಕರು ಒಂದಾದರೂ ಆಧಾರ ಸೇರಿಸಲಿ ಎಂಬ ಅಭಿಯಾನ ಅಲ್ಲಿ 2016ರಿಂದ ನಡೆಯುತ್ತಿದೆ. ಆಧಾರವಿಲ್ಲದ ವಾಕ್ಯ ಹುಡುಕಿ, ನಿಮ್ಮ ಕಪಾಟಿನ ಪುಸ್ತಕದ ಹೆಸರು, ಪುಟಸಂಖ್ಯೆ ಕೊಡಿ.