ಗೂಗಲ್ ಹುಡುಕಾಟದಿಂದ ಡಬ್ಲ್ಯು ಮ್ಯಾಟ್ರಿಕ್ಸ್: ನನ್ನ ಅನುಭವ

ಯಾವ ಊರಿನ ಮೇಲೆ ಯಾವ ಊರಿನ ಪ್ರಭಾವ ಎಷ್ಟು ಎಂಬ ತೂಕಗಳ ಕೋಷ್ಟಕವೇ ಡಬ್ಲ್ಯು ಮ್ಯಾಟ್ರಿಕ್ಸ್, ಒಂದೊಂದು ಊರಿಗೂ ಒಂದೊಂದು ಸಾಲು. ಗೂಗಲ್ ಟ್ರೆಂಡ್ಸ್ (ಯಾವ ಪದವನ್ನು ಎಲ್ಲಿ ಎಷ್ಟು ಹುಡುಕುತ್ತಾರೆ ಎಂದು ತೋರಿಸುವ ಸೇವೆ) ಇಟ್ಟುಕೊಂಡು ಇದನ್ನು ಕಟ್ಟುತ್ತೇನೆ ಎಂದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ. "ಜನ ಸುಮ್ನೆ ಟೈಪ್ ಮಾಡಿದ್ದನ್ನೆಲ್ಲ ತೂಕ ಅಂತೀಯಾ?" ಎಂದು ಒಬ್ಬರು ನಕ್ಕರು. ಈಚೆಗೆ ಅವರೇ ಫೈಲ್ ಕೇಳಿ ತೆಗೆದುಕೊಂಡರು. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಡೇಟಾ ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ, ಹತ್ತು ನಗರಗಳ ಹಳೆಯ ಸರಣಿ. ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತಾ, ಬೆಂಗಳೂರು, ಲಕ್ನೋ, ಅಹಮದಾಬಾದ್, ಜೈಪುರ, ಕಾನ್ಪುರ, ಕೊಚ್ಚಿ. ಇವುಗಳ ನಡುವೆ ಗಡಿಯೇ ಇಲ್ಲ, ಗಡಿ ತಾಗಿದರೆ ನೆರೆ ಎನ್ನುವ ಕ್ವೀನ್, ರೂಕ್ ವಿಧಾನ ಎರಡೂ ದಂಡ. ದೂರದ ವಿಲೋಮ (ದೂರ ಹೆಚ್ಚಿದಷ್ಟೂ ತೂಕ ಕಡಿಮೆ) ಹಾಕಿದರೆ ಕಾನ್ಪುರದ ಸಾಲಿನಲ್ಲಿ ಅರ್ಧಕ್ಕಿಂತ ಜಾಸ್ತಿ ಲಕ್ನೋದ ಪಾಲು. ಬೆಂಗಳೂರಿನ ಸಾಲಿನಲ್ಲಿ ಮುಂಬೈಗೆ ಸಿಗುವುದು ಚೆನ್ನೈಯ ಮೂರನೇ ಒಂದು ಭಾಗ. ಬೆಂಗಳೂರಲ್ಲಿ ಫ್ಲ್ಯಾಟ್ ಕೊಳ್ಳುವವರು ಇದನ್ನು ಒಪ್ಪುತ್ತಾರಾ?

ಅದಕ್ಕೇ ಒಂದು ಊರಿನವರು ಇನ್ನೊಂದು ಊರನ್ನು ಎಷ್ಟು ಹುಡುಕುತ್ತಾರೋ ಅದನ್ನೇ ತೂಕ ಮಾಡಹೊರಟೆ. ಮೊದಲು ಊರಿನ ಹೆಸರು ಮಾತ್ರ ಹಾಕಿದೆ. ಏಪ್ರಿಲ್ ಬಂತೆಂದರೆ ಮುಂಬೈ ಎಂದರೆ ಐಪಿಎಲ್ ತಂಡ. ರಾಜ್ಯದ ಹೆಸರು ಹಾಕಿದರೆ ಇನ್ನೂ ತಮಾಷೆ: ಪಶ್ಚಿಮ ಬಂಗಾಳಕ್ಕೆ ನಾಗಾಲ್ಯಾಂಡ್ ಬಲು ಹತ್ತಿರದ ನೆರೆ, ಎಲ್ಲ ಅಲ್ಲಿ ಮಾರುವ ನಾಗಾಲ್ಯಾಂಡ್ ಲಾಟರಿಯ ಕೃಪೆ. ಹಾಗಾಗಿ 'ಫ್ಲ್ಯಾಟ್ಸ್ ಇನ್ ಬ್ಯಾಂಗಲೋರ್' ಥರದ ಮಾತಿಗೆ ಇಳಿದೆ. ಬ್ಯಾಂಗಲೋರ್-ಬೆಂಗಳೂರು, ಕೊಚ್ಚಿನ್-ಕೊಚ್ಚಿ ಎರಡೆರಡನ್ನೂ ಪ್ಲಸ್ ಹಾಕಿ ಸೇರಿಸಿ. ಸರ್ಕಾರ ಹೆಸರು ಬದಲಿಸಿದರೂ ಟೈಪ್ ಮಾಡುವ ಬೆರಳು ಬದಲಾಗಲ್ಲ.

ದುಡ್ಡು ಹೋದದ್ದು ಡೇಟಾ ಇಳಿಸುವುದರಲ್ಲಿ. ಪೈಥಾನ್ ಸ್ಕ್ರಿಪ್ಟ್ ಓಡಿಸಿದರೆ ಸ್ವಲ್ಪ ಹೊತ್ತಿಗೇ 429 ಎರರ್, ಅಂದರೆ ಕೋರಿಕೆ ಅತಿಯಾಯಿತು ಎಂದು. ಬೇರೆ ವಿಳಾಸದಿಂದ ಕೇಳಿದಂತೆ ತೋರಿಸುವ ಪ್ರಾಕ್ಸಿಗೆ ಎರಡು-ಮೂರು ಸಾವಿರ ಸುರಿದೆ. ಆಮೇಲೆ ಒಂದು ಡೇಟಾ ಸೇವೆಗೆ ಚಂದಾ, ಏಳೆಂಟು ಸಾವಿರ ಇರಬೇಕು. ಅವರು ಕೊಟ್ಟ ಫೈಲಿನಲ್ಲಿ ಹುಡುಕಾಟ ಕಡಿಮೆ ಇರುವ ಜಾಗಗಳೆಲ್ಲ ಖಾಲಿ. ಹಣ ವಾಪಸ್ ಕೇಳಿದರೆ ಉತ್ತರವಿಲ್ಲ. ಕೊನೆಗೆ ಬ್ರೌಸರ್ ತೆರೆದು ಕೂತು ಕೈಯಾರೆ ಸಿಎಸ್‌ವಿ ಇಳಿಸಿದೆ.

ದಾರಿ ತೆರೆದದ್ದೂ ಅಲ್ಲೇ. ಒಂದೇ ಪದ ಹಾಕಿದರೆ ಅತಿ ಹೆಚ್ಚಿನದಕ್ಕೆ 100 ಕೊಟ್ಟು ಉಳಿದದ್ದನ್ನು ಅಳೆಯುತ್ತದೆ. ಅಂಥ ಕಾಲಂಗಳನ್ನು ಪಕ್ಕಪಕ್ಕ ಅಂಟಿಸಿದರೆ ಬರುವುದು ಕಸ. ಐದು ಪದ ಒಟ್ಟಿಗೆ ಹಾಕಿ ರಾಜ್ಯವಾರು ಫೈಲ್ ಇಳಿಸಿದರೆ ಪ್ರತಿ ರಾಜ್ಯಕ್ಕೂ ಐದರ ಶೇಕಡಾ ಹಂಚಿಕೆ ಸಿಗುತ್ತದೆ. ಅದು ಆ ರಾಜ್ಯದ ಊರಿಗೆ ಅರ್ಧ ಸಿದ್ಧವಾದ ಸಾಲೇ, ಅಲ್ವಾ? ಒಂದು ಪದವನ್ನು ಎಲ್ಲ ಕಂತಿನಲ್ಲೂ ಕೊಂಡಿಯಾಗಿ ಇಟ್ಟು ಜೋಡಿಸುತ್ತಾ ಹೋದರಾಯಿತು. ಆದರೆ ಅಂಕಿಗಳು ಪೂರ್ಣಾಂಕ. ಕೊಂಡಿಗೆ 2 ಬಂದರೆ ಅದು 1.5 ಇರಬಹುದು, 2.4 ಇರಬಹುದು, ಆ ಕಂತು ಪೂರ್ತಿ ಹಾಳು. ಸ್ವಂತ ಊರನ್ನು ಕಂತಿಗೆ ಸೇರಿಸಲೇಬೇಡಿ. ಕರ್ನಾಟಕದಲ್ಲಿ ಬೆಂಗಳೂರು 90ರ ಆಸುಪಾಸು ತಿಂದು ಉಳಿದವಕ್ಕೆ 2, 3 ಬಿಟ್ಟಿತು. ಊರು ತನಗೆ ತಾನೇ ನೆರೆಯಲ್ಲ, ಮ್ಯಾಟ್ರಿಕ್ಸಿನ ಕರ್ಣ ಹೇಗೂ ಸೊನ್ನೆ ತಾನೆ. ನನ್ನ ಕೊಂಡಿ ಪದ ಯಾವುದು ಎನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ. ಊರಿನ ಹೆಸರಲ್ಲ, ಅಷ್ಟು ಹೇಳಬಲ್ಲೆ.

ಉತ್ತರ ಪ್ರದೇಶ ತಲೆ ತಿಂದಿತು. ಲಕ್ನೋ, ಕಾನ್ಪುರ ಎರಡಕ್ಕೂ ಒಂದೇ ರಾಜ್ಯ, ಒಂದೇ ಸಾಲು. ಅದರ ಮೇಲೆ ನೋಯ್ಡಾ, ಗಾಜಿಯಾಬಾದ್ ಕೂಡ ಅಲ್ಲೇ. ಅಲ್ಲಿನವರು ದೆಹಲಿಯಲ್ಲಿ ಮನೆ ಹುಡುಕಿದ್ದು ಕಾನ್ಪುರದ ಲೆಕ್ಕಕ್ಕೆ ಬೀಳುತ್ತದೆ. ನಗರವಾರು ಪಟ್ಟಿ ನೋಡಿ ತಿದ್ದಿದೆ. ಆ ಪಟ್ಟಿಯಿಂದ ಕಾನ್ಪುರ ಆಗಾಗ ಮಾಯವಾಗುತ್ತಿತ್ತು. ಟ್ರೆಂಡ್ಸ್ ನಡೆಯುವುದೇ ಸ್ಯಾಂಪಲ್ ಮೇಲೆ, ಹಾಗಾಗಿ ಬೇರೆ ಬೇರೆ ದಿನ ಇಳಿಸಿ ಸರಾಸರಿ ತೆಗೆದೆ.

ಮೊದಲ ಸುತ್ತಿನಲ್ಲಿ ರೋ (ನೆರೆ ಊರುಗಳ ಬೆಲೆಯ ಪ್ರಭಾವ ಎಷ್ಟು ಎಂದು ಹೇಳುವ ಅಂಕಿ) 0.9ರ ಹತ್ತಿರ ಬಂತು. ಇಷ್ಟು ಚೆನ್ನಾಗಿ ಬಂದರೆ ಯಾರಿಗಾದರೂ ಅನುಮಾನ ಬರಬೇಕು. ನೋಡಿದರೆ ಎಲ್ಲ ಸಾಲಿನಲ್ಲೂ ಮುಂಬೈ, ದೆಹಲಿ, ಬೆಂಗಳೂರೇ ದಪ್ಪ. ಸಾಲುಗಳೆಲ್ಲ ಒಂದೇ ಥರ ಇದ್ದರೆ ಸ್ಪೇಷಿಯಲ್ ಲ್ಯಾಗ್ (ನೆರೆ ಊರುಗಳ ತೂಕದ ಸರಾಸರಿ) ಎನ್ನುವುದು ದೇಶದ ಸರಾಸರಿಗೆ ತೊಡಿಸಿದ ಬೇರೆ ಅಂಗಿ, ಅಷ್ಟೇ. ಪ್ರತಿ ಕಾಲಮ್ಮನ್ನೂ ಆ ಊರಿನ ದೇಶವ್ಯಾಪಿ ಪಾಲಿನಿಂದ ಭಾಗಿಸಿ, ಆಮೇಲೆ ಸಾಲಿನ ಮೊತ್ತ 1 ಮಾಡಿದೆ. ತ್ರೈಮಾಸಿಕಗಳಿಗೆ ಫಿಕ್ಸೆಡ್ ಎಫೆಕ್ಟ್ ಹಾಕಿ, ಎಲ್ಲ ಊರಿಗೂ ಒಟ್ಟಿಗೆ ಬರುವ ಏರಿಳಿತ ತೆಗೆದೆ. ರೋ 0.4ರ ಹತ್ತಿರಕ್ಕೆ ಇಳಿಯಿತು, ಅಲ್ಲೇ ಗಟ್ಟಿಯಾಗಿ ನಿಂತಿತು.

ಬೆಲೆ ಏರಿದರೆ ಹುಡುಕಾಟವೂ ಏರುತ್ತದೆ ಎಂಬ ತಕರಾರು ಬಂದೇ ಬರುತ್ತದೆ. ಅದಕ್ಕೇ ಹುಡುಕಾಟ 2011ರಿಂದ 2014ರದ್ದು ಮಾತ್ರ, ಬೆಲೆ 2015ರಿಂದ ಮುಂದಿನದು. 2011ಕ್ಕಿಂತ ಹಿಂದೆ ಹೋಗಬೇಡಿ. ಜಾಗ ಗುರುತಿಸುವ ವಿಧಾನವನ್ನು ಗೂಗಲ್ ಆ ವರ್ಷದ ಜನವರಿ 1ರಿಂದ ಬದಲಿಸಿದೆ.

"ಡಬ್ಲ್ಯು ಯಾವುದಿದ್ದರೇನು, ಫಲಿತಾಂಶ ಹೆಚ್ಚೇನೂ ಬದಲಾಗಲ್ಲ ಎಂದು ಲೆಸೇಜ್-ಪೇಸ್ 2014ರ ಪ್ರಬಂಧದಲ್ಲೇ ಹೇಳಿಯಾಗಿದೆ" ಎಂದರು ಇನ್ನೊಬ್ಬರು. ಆ ವಾದ ನಿಲ್ಲುವುದು ಮ್ಯಾಟ್ರಿಕ್ಸ್‌ಗಳು ಹೆಚ್ಚುಕಡಿಮೆ ಒಂದೇ ಥರ ಇದ್ದಾಗ. ನನ್ನದರಲ್ಲಿ ಕೇರಳದ ಸಾಲಿಗೆ ಬೆಂಗಳೂರು ದಪ್ಪ, ಕರ್ನಾಟಕದ ಸಾಲಿಗೆ ಕೊಚ್ಚಿ ತೆಳು. ಕಿಲೋಮೀಟರಿಗೆ ಈ ಏಕಮುಖ ಸಂಬಂಧ ಗೊತ್ತೇ ಇಲ್ಲ. ಊರುಗಳ ಲೇಬಲ್ ಕಲಸಿ ಸಾವಿರ ಸುಳ್ಳು ಮ್ಯಾಟ್ರಿಕ್ಸ್ ಓಡಿಸಿದೆ. ನನ್ನದನ್ನು ಮೀರಿಸಿದ್ದು ಇಪ್ಪತ್ತೋ ಮೂವತ್ತೋ. ಮುಂದಿನ ತ್ರೈಮಾಸಿಕದ ಅಂದಾಜಿನಲ್ಲಿ ತಪ್ಪು ದೂರದ ಮ್ಯಾಟ್ರಿಕ್ಸಿಗಿಂತ ಸುಮಾರು ಹತ್ತನೇ ಒಂದು ಪಾಲು ಕಡಿಮೆ. ಆಮೇಲೆ ಯಾರೂ ನಗಲಿಲ್ಲ.

ನಡುವೆ ಈರುಳ್ಳಿ ದರಕ್ಕೂ ಇದನ್ನೇ ಹಾಕಿ ನೋಡಿದೆ: ಲಾಸಲ್‌ಗಾಂವ್, ಹುಬ್ಬಳ್ಳಿ, ಯಶವಂತಪುರ. ಎಲ್ಲ ಸೊನ್ನೆ. ಮಂಡಿಯವರು ಫೋನ್ ಮಾಡಿ ದರ ಕೇಳುತ್ತಾರೆ, ಗೂಗಲ್ ಮಾಡಲ್ಲ.

ಆರ್‌ನಲ್ಲಿ (ಸಂಖ್ಯಾಶಾಸ್ತ್ರದ ತಂತ್ರಾಂಶ) ಓಡಿಸುವವರಿಗೆ ಒಂದು ಮಾತು. ಈ ಮ್ಯಾಟ್ರಿಕ್ಸ್ ಸಿಮೆಟ್ರಿಕ್ ಅಲ್ಲ, ಐಗನ್ ಮೌಲ್ಯ ಕಾಂಪ್ಲೆಕ್ಸ್ ಬರಬಹುದು. ಲೆಕ್ಕದ ವಿಧಾನ ಆರಿಸುವಾಗ ಸಿಮೆಟ್ರಿ ಬೇಡುವ ಚೊಲೆಸ್ಕಿ ಬಿಟ್ಟು ಎಲ್‌ಯು ಹಾಕಿ.